ಬೀದಿ ಖಾಲಿ, ಕೆನಲ್ ಭರ್ತಿ

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು ಶೆಲ್ಟರಿಗೆ ಸಾಗಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಎಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಹೇಳಿತಲ್ಲ, ಅಂದಿನಿಂದ ಊರ ಕಡೆಯಿಂದ ಬರುವ ಮಾತು ಒಂದೇ. ‘ನಿಮ್ಮ ಅಮೆರಿಕದಲ್ಲಿ ಹುಡುಕಿದರೂ ಒಂದು ಬೀದಿನಾಯಿ ಸಿಗಲ್ಲ. ಎಲ್ಲಾನೂ ಶೆಲ್ಟರ್‌ನಲ್ಲಿಟ್ಟು ಸಾಕ್ತಾರೆ. ನಮ್ಮೋರಿಗೆ ಈಗ ಬುದ್ಧಿ ಬಂತು ನೋಡಿ.’ ಅದರ ಬೆನ್ನಿಗೇ ಇನ್ನೊಂದು: ‘ಆದ್ರೆ ಕೊಲ್ಲಬಾರದಪ್ಪ, ಪಾಪ, ಮೂಕಪ್ರಾಣಿ.’

ಎರಡೂ ಒಳ್ಳೆಯ ಮನಸ್ಸಿನ ಮಾತುಗಳೇ. ಆದರೆ ಎರಡನ್ನೂ ಒಬ್ಬರೇ ಹೇಳಿದಾಗ ನನಗೆ ಚುಚ್ಚುತ್ತದೆ. ಮೊದಲನೆಯದು ನಿಂತಿರುವುದೇ ಎರಡನೆಯದನ್ನು ಮುರಿದು ಎಂಬುದು ಊರಿನವರಿಗೆ ಗೊತ್ತಿಲ್ಲ. ಇಲ್ಲಿರುವ ನಾವೂ ಯಾರೂ ಹೇಳಿಲ್ಲ. ರಜೆಗೆ ಬಂದಾಗ ಇಲ್ಲಿಯ ರಸ್ತೆ, ಪಾರ್ಕು, ಕಸದ ವ್ಯವಸ್ಥೆಯನ್ನು ಹೊಗಳುತ್ತೇವೆ, ಶೆಲ್ಟರಿನ ಹಿಂಬದಿಯ ಕೋಣೆಯ ವಿಷಯ ಎತ್ತುವುದಿಲ್ಲ.

2024ರಲ್ಲಿ ಅಮೆರಿಕದ ಶೆಲ್ಟರುಗಳಿಗೆ ಸುಮಾರು 58 ಲಕ್ಷ ನಾಯಿ-ಬೆಕ್ಕುಗಳು ಬಂದವು. ಸುಮಾರು 42 ಲಕ್ಷಕ್ಕೆ ಮನೆ ಸಿಕ್ಕಿತು. ಸುಮಾರು 6 ಲಕ್ಷ ಪ್ರಾಣಿಗಳಿಗೆ ಸಾವಿನ ಸೂಜಿ ಹಾಕಿದರು. ಇದು ಎಷ್ಟೋ ಸುಧಾರಿಸಿದ ಮೇಲಿನ ಲೆಕ್ಕ. 1970ರ ದಶಕದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಎಂಬ ಅಂದಾಜುಗಳಿದ್ದವು. ಈ 6 ಲಕ್ಷದಲ್ಲಿ ವಾಸಿಯಾಗದ ಕಾಯಿಲೆಯವು, ಗಾಡಿಗೆ ಸಿಕ್ಕಿ ಬೆನ್ನು ಮುರಿದವು, ಹತ್ತಿರ ಹೋದವರನ್ನೆಲ್ಲ ಕಚ್ಚುವವು ಸೇರಿವೆ. ಅವುಗಳ ಜೊತೆಗೆ ಸೋಮವಾರ ಬೆಳಿಗ್ಗೆ ಹೊಸದಾಗಿ ಹನ್ನೆರಡು ನಾಯಿ ಬರಲಿವೆ, ಖಾಲಿ ಗೂಡು ಮೂರೇ ಇವೆ ಎಂಬ ಒಂದೇ ಕಾರಣಕ್ಕೆ ಹೋದವೂ ಇವೆ.

ಕ್ಯಾಲಿಫೋರ್ನಿಯಾದಲ್ಲಿ 1998ರ ಹೇಡನ್ ಕಾಯ್ದೆಯ ಪ್ರಕಾರ ದಾರಿತಪ್ಪಿ ಬಂದ ನಾಯಿಯನ್ನು, ಬಂದ ದಿನ ಬಿಟ್ಟು, 6 ಕೆಲಸದ ದಿನ ಇಟ್ಟುಕೊಳ್ಳಬೇಕು. ಸಂಜೆಯೋ ವಾರಾಂತ್ಯದಲ್ಲೋ ಬಾಗಿಲು ತೆರೆದಿಡುವ ಶೆಲ್ಟರಿಗೆ 4 ದಿನ ಸಾಕು. ಕೊಲ್ಲುವ ಮೊದಲು ಯಾವುದಾದರೂ ರಕ್ಷಣಾ ಸಂಸ್ಥೆ ಕೇಳಿದರೆ ಕೊಡಬೇಕು. ಮನೆ ಸಿಗಬಹುದಾದ ಪ್ರಾಣಿಯನ್ನು ಕೊಲ್ಲಬಾರದೆಂಬುದು ರಾಜ್ಯದ ನೀತಿ ಎಂದೂ ಆ ಕಾಯ್ದೆ ಸಾರುತ್ತದೆ. ಕಾಯ್ದೆಯಲ್ಲಿ ಇಷ್ಟೆಲ್ಲ ಇದ್ದೂ ಏಳನೆಯ ದಿನ ಗೂಡು ಖಾಲಿಯಾಗದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಪಶುವೈದ್ಯರ ಮುಂದೆ ಹಾಗೇ ಉಳಿಯುತ್ತದೆ.

ಶೆಲ್ಟರಿನ ಲೆಕ್ಕ ಸರಳ. ದಿನಕ್ಕೆ ಸರಾಸರಿ ಎಷ್ಟು ಪ್ರಾಣಿ ಬರುತ್ತವೆ, ಒಂದೊಂದು ಸರಾಸರಿ ಎಷ್ಟು ದಿನ ಉಳಿಯುತ್ತದೆ, ಎರಡನ್ನೂ ಗುಣಿಸಿ. ಅಷ್ಟು ಗೂಡು ಬೇಕು. ದಿನಕ್ಕೆ 5 ನಾಯಿ ಬಂದು ತಲಾ 20 ದಿನ ಉಳಿದರೆ 100 ಗೂಡು. ಬರುವ ನಾಯಿಗಳ ಸಂಖ್ಯೆ ಅಷ್ಟೇ ಇದ್ದು ಉಳಿಯುವ ದಿನ 40 ಆದರೆ 200. ಆದ್ದರಿಂದ ಶೆಲ್ಟರ್ ನಡೆಸಿ ಬಲ್ಲವರು ‘ಇನ್ನೊಂದು ಕಟ್ಟಡ ಕಟ್ಟೋಣ’ ಎಂಬ ಮಾತಿಗೆ ಮರುಳಾಗುವುದಿಲ್ಲ. ಅವರ ಕಣ್ಣು ಉಳಿಯುವ ದಿನಗಳ ಮೇಲೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ವೈದ್ಯರು ವಾರಕ್ಕೆ ಎರಡೇ ದಿನ ಬಂದರೆ ದತ್ತು ಗೊತ್ತಾದ ನಾಯಿಯೂ ಮೂರು-ನಾಲ್ಕು ದಿನ ಸುಮ್ಮನೆ ಗೂಡು ಹಿಡಿದು ಕೂರುತ್ತದೆ. ಅಂಥ ನಾಯಿ ಇಪ್ಪತ್ತಿದ್ದರೆ ಬಾಗಿಲಲ್ಲಿ ಜಾಗವಿಲ್ಲದೆ ನಿಂತವುಗಳ ಪ್ರಾಣಕ್ಕೆ ಅದೇ ಕುತ್ತು.

ಇದೇ ಲೆಕ್ಕವನ್ನು ನಮ್ಮ ಕಡೆಗೆ ಹಚ್ಚಿ ನೋಡಿ. ಹಿಡಿದು ತಂದ ನಾಯಿಯನ್ನು ವಾಪಸ್ ಬಿಡುವಂತಿಲ್ಲ, ಕೊಲ್ಲುವಂತಿಲ್ಲ, ಬೀದಿಯಲ್ಲಿ ಬೆಳೆದ ದೊಡ್ಡ ನಾಯಿಯನ್ನು ದತ್ತು ಕೇಳಿಕೊಂಡು ಬರುವವರು ತೀರಾ ಕಡಿಮೆ. ಹಾಗಾದರೆ ಉಳಿಯುವ ದಿನ ಅಂದರೆ ಅದರ ಆಯಸ್ಸೇ. ಎಂಟು ವರ್ಷ ಅಂತ ಇಟ್ಟುಕೊಳ್ಳೋಣ. ದಿನಕ್ಕೆ ಒಂದೇ ಒಂದು ನಾಯಿ ತರುವ ಪುಟ್ಟ ಪುರಸಭೆಗೆ ಎಂಟು ವರ್ಷದಲ್ಲಿ 2,920 ಗೂಡು ಬೇಕಾಗುತ್ತದೆ. ಪುರಸಭೆಯ ಅಂದಾಜುಪಟ್ಟಿಯಲ್ಲಿ ಐವತ್ತು ಗೂಡು ಇದ್ದರೆ ಅದು ಐವತ್ತು ದಿನಕ್ಕೆ ತುಂಬುತ್ತದೆ. ಐವತ್ತೊಂದನೆಯ ದಿನ ಏನಾಗುತ್ತದೆ ಎಂಬುದನ್ನು ಯಾವ ಆದೇಶವೂ ಹೇಳುವುದಿಲ್ಲ.

ಗೂಡು ಮಾತ್ರ ಲೆಕ್ಕಕ್ಕೆ ಬಂದರೆ ಸಾಲದು, ಕೈಗಳೂ ಬರಬೇಕು. ಇಲ್ಲಿ ಕನಿಷ್ಠ ಎಂದು ಒಪ್ಪಿಕೊಂಡ ಅಳತೆ ಒಂದು ಪ್ರಾಣಿಗೆ ದಿನಕ್ಕೆ 15 ನಿಮಿಷ, ಗೂಡು ತೊಳೆಯಲು 9, ಊಟ ಕೊಡಲು 6. ನಡೆದಾಡಿಸುವುದು, ಔಷಧಿ, ಮೈದಡವುವುದು ಇದರಲ್ಲಿ ಸೇರಿಲ್ಲ. ಬೆಂಗಳೂರಿನ 2023ರ ಗಣತಿಯ ಅಂದಾಜು ಸುಮಾರು 2.79 ಲಕ್ಷ ಬೀದಿನಾಯಿ. ಅದರಲ್ಲಿ ನೂರಕ್ಕೆ ಐದನ್ನು, ಅಂದರೆ 14,000 ನಾಯಿಗಳನ್ನು ಮಾತ್ರ ಒಳಗೆ ಹಾಕಿದರೂ ದಿನಕ್ಕೆ 3,500 ಗಂಟೆ ಕೆಲಸ. ದಿನಕ್ಕೆ 8 ಗಂಟೆಯಂತೆ ರಜೆಯೇ ಇಲ್ಲದೆ ದುಡಿಯುವ 438 ಜನ ಬೇಕು, ಬರೀ ತೊಳೆದು ಊಟ ಹಾಕುವುದಕ್ಕೆ. ಹಣ ಎಲ್ಲಿಂದ ಬರಬೇಕು ಎಂಬುದು ಆಮೇಲಿನ ಮಾತು. ಇಷ್ಟು ಜನರ ಹುದ್ದೆಯನ್ನಾದರೂ ಯಾರಾದರೂ ಬರೆದಿಟ್ಟಿದ್ದಾರೆಯೇ?

ಜಾಗ ಮೀರಿದ ಶೆಲ್ಟರಿನಲ್ಲಿ ಮೊದಲು ಕೆಡುವುದು ಯಾವುದು ಎಂದು ಹೊರಗಿನವರನ್ನು ಕೇಳಿದರೆ ಊಟ ಅನ್ನುತ್ತಾರೆ. ಮೊದಲು ಕೆಡುವುದು ಗೂಡಿನ ನಡುವಿನ ಬಾಗಿಲು. ಸರಿಯಾಗಿ ಕಟ್ಟಿದ ಕೆನಲ್, ಅಂದರೆ ನಾಯಿಗೂಡು, ಎರಡು ಕೋಣೆಯದು, ನಡುವೆ ಮೇಲಿನಿಂದ ಹಗ್ಗ ಎಳೆದರೆ ಏಳುವ ಬಾಗಿಲು. ನಾಯಿಯನ್ನು ಒಂದು ಬದಿಗೆ ಬಿಟ್ಟು ಇನ್ನೊಂದು ಬದಿಯನ್ನು ತೊಳೆದು ಒಣಗಿಸಬಹುದು, ಯಾರೂ ನಾಯಿಯನ್ನು ಮುಟ್ಟಬೇಕಿಲ್ಲ. ಜಾಗ ಸಾಲದಾದಾಗ ಆ ಬಾಗಿಲು ಮುಚ್ಚಿ ಎರಡು ಬದಿಗೂ ಒಂದೊಂದು ನಾಯಿ ಹಾಕುತ್ತಾರೆ. ಕಾಗದದ ಮೇಲೆ ಸಾಮರ್ಥ್ಯ ಇಮ್ಮಡಿಯಾಯಿತು. ಅಂದಿನಿಂದ ತೊಳೆಯುವಾಗ ನಾಯಿ ಒಳಗೇ ಇರುತ್ತದೆ. ಪೈಪಿನ ನೀರು, ಬ್ಲೀಚು, ಮಲ ಎಲ್ಲ ಅದರ ಕಾಲಿಗೆ ಮೈಗೆ ಹಾರುತ್ತದೆ. ಮಲಗುವ ಜಾಗವೇ ಉಚ್ಚೆ ಹೊಯ್ಯುವ ಜಾಗವಾಗುತ್ತದೆ.

ಆಮೇಲೆ ರೋಗ. ಪಾರ್ವೊ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದನ್ನು ಕೊಲ್ಲಲು ಒಂದು ಪಾಲು ಬ್ಲೀಚಿಗೆ 32 ಪಾಲು ನೀರು, ಹತ್ತು ನಿಮಿಷ ಹಾಗೇ ಬಿಡಬೇಕು. ಅದಕ್ಕೂ ಮೊದಲು ಮಲ, ಅನ್ನ, ಕೂದಲು ಒಂದಿಷ್ಟೂ ಉಳಿಯದಂತೆ ಸೋಪು ಹಾಕಿ ಉಜ್ಜಿ ತೊಳೆದಿರಬೇಕು, ಕೊಳೆಯ ಮೇಲೆ ಸುರಿದ ಬ್ಲೀಚು ಕೆಲಸ ಮಾಡುವುದಿಲ್ಲ. ನಿನ್ನೆ ಬೆರೆಸಿಟ್ಟದ್ದೂ ಮಾಡುವುದಿಲ್ಲ. ಮಣ್ಣಿನ ಅಂಗಳವಿದ್ದರಂತೂ ಬ್ಲೀಚು ಹಾಕಿಯೂ ಹಾಕದಂತೆ. ರೋಗ ತಗುಲಿದ ಮರಿ ಲಕ್ಷಣ ತೋರಿಸಲು 3ರಿಂದ 14 ದಿನ ಹಿಡಿಯುತ್ತದೆ, ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಸ್ಸು ಹೊರಬೀಳಲು ಶುರುವಾಗಿರುತ್ತದೆ. ಹಾಗಾಗಿ ಲಸಿಕೆಯನ್ನು ಬಾಗಿಲಲ್ಲೇ, ಗೂಡಿಗೆ ಒಯ್ಯುವ ಮೊದಲೇ ಕೊಡಬೇಕು. ನಾಳೆ ಡಾಕ್ಟರು ಬಂದ ಮೇಲೆ ಕೊಟ್ಟರಾಯಿತು ಅಂದರೆ ಆ ಒಂದು ದಿನವೇ ಮುಳುವು. ಮರಿಗಳಿಗೆ ನಾಲ್ಕನೆಯ ವಾರದಿಂದ ಎರಡೆರಡು ವಾರಕ್ಕೊಮ್ಮೆ, ಹದಿನೆಂಟು-ಇಪ್ಪತ್ತು ವಾರ ತುಂಬುವವರೆಗೆ. ಡಿಸ್ಟೆಂಪರ್ ಎಂಬ ವೈರಸ್ ರೋಗ ಇನ್ನೂ ಕೆಟ್ಟದ್ದು, ಕೆಮ್ಮಿದರೆ ಸೀನಿದರೆ ಗಾಳಿಯಲ್ಲಿ ಹರಡುತ್ತದೆ. ಇನ್ನೂರು ನಾಯಿಯ ಒಂದೇ ಶೆಡ್ಡಿನೊಳಗೆ ಹೊಕ್ಕರೆ ನಿಲ್ಲಿಸುವುದು ಬಹಳ ಕಷ್ಟ. ಬೆಕ್ಕುಗಳಲ್ಲಿ ಹರ್ಪಿಸ್ ವೈರಸ್ಸು ಮೈಯೊಳಗೇ ಅಡಗಿರುತ್ತದೆ. ಭಯ, ಗಲಾಟೆ, ಜಾಗ ಬದಲಾವಣೆಗೆ ಅದು ಒಂದೆರಡು ವಾರದೊಳಗೆ ಮೇಲೇಳುತ್ತದೆ. ಕಣ್ಣು ಅಂಟಿಕೊಂಡ, ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಹತ್ತದ ಬೆಕ್ಕು ಊಟ ಮುಟ್ಟುವುದಿಲ್ಲ.

ಒಂದೇ ಅಂಗಳಕ್ಕೆ ಮೂವತ್ತು-ನಲವತ್ತು ನಾಯಿ ಬಿಟ್ಟು ದೊಡ್ಡ ಬಾನಿಯಲ್ಲಿ ಊಟ ಇಡುವ ಪದ್ಧತಿ ನಮ್ಮಲ್ಲಿ ಹಲವೆಡೆ ಇದೆ. ಬಲಿಷ್ಠ ನಾಯಿಗಳು ಮೊದಲು ತಿನ್ನುತ್ತವೆ. ಮುದಿಯದು, ಕುಂಟು, ಹೊಸದಾಗಿ ಬಂದದ್ದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ. ಬಾನಿ ಖಾಲಿಯಾಗಿದೆ, ಆದ್ದರಿಂದ ಎಲ್ಲವೂ ಉಂಡಿವೆ ಎಂದು ಕೆಲಸದವರು ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ತೂಕ ನೋಡದಿದ್ದರೆ ಆ ಗೋಡೆ ಬದಿಯ ನಾಯಿ ಸಾಯುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಜಗಳವಾಗಿ ಒಂದರ ಹೊಟ್ಟೆ ಸೀಳಿದರೆ ಬೆಳಿಗ್ಗೆ ಅದು ಬರೀ ‘ಸತ್ತಿದೆ’.

ಮೈಗೆ ಏನೂ ಆಗದ ನಾಯಿಯ ಮನಸ್ಸು ಕೆಡುವುದು ಇನ್ನೊಂದು ಬಗೆ. ಕೆನಲಿನೊಳಗಿನ ಬೊಗಳಾಟ 100 ಡೆಸಿಬೆಲ್ ದಾಟುವುದು ಸಾಮಾನ್ಯ. ಬಂದ ದಿನ ಬಾಲ ಆಡಿಸುತ್ತಿದ್ದ ನಾಯಿ ಕೆಲವೇ ವಾರಗಳಲ್ಲಿ ಗೂಡಿನೊಳಗೆ ಗಿರಗಿರ ಸುತ್ತಲು ತೊಡಗುತ್ತದೆ, ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ, ಯಾರಾದರೂ ಎದುರು ಹಾದರೆ ಬಾಗಿಲಿಗೆ ಎಗರುತ್ತದೆ. ದತ್ತು ಕೇಳಲು ಬಂದವರು ಅದರ ಮುಂದೆ ನಿಲ್ಲದೆ ಹೋಗುತ್ತಾರೆ. ಉಳಿದಷ್ಟೂ ಕೆಡುತ್ತದೆ, ಕೆಟ್ಟಷ್ಟೂ ಉಳಿಯುತ್ತದೆ. ಹಿಂದೆ ಇಲ್ಲಿ ಊಟದ ತಟ್ಟೆಗೆ ಪ್ಲಾಸ್ಟಿಕ್ ಕೈ ಚಾಚಿ, ಗುರ್ ಎಂದ ನಾಯಿಯನ್ನು ಅಪಾಯಕಾರಿ ಎಂದು ಬರೆದು ಸೂಜಿ ಹಾಕುತ್ತಿದ್ದರು. ಅಂಥ ಪರೀಕ್ಷೆಯಲ್ಲಿ ಸೋತ ಎಷ್ಟೋ ನಾಯಿಗಳು ಮನೆಗೆ ಹೋದ ಮೇಲೆ ಹಾಗೆ ಮಾಡುವುದೇ ಇಲ್ಲ ಎಂಬುದು ತಿಳಿಯುವಷ್ಟರಲ್ಲಿ ಎಷ್ಟು ಜೀವ ಹೋಗಿದ್ದವೋ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಸೂಜಿ ಹಾಕುವ ಆ ಹಿಂಬದಿಯ ಕೋಣೆ. ಊರಿನಲ್ಲಿ ಇದರ ಬಗ್ಗೆ ಇರುವ ಕಲ್ಪನೆಗೂ ನಡೆಯುವುದಕ್ಕೂ ಬಹಳ ಅಂತರವಿದೆ. ಸರಿಯಾಗಿ ನಡೆಯುವ ಶೆಲ್ಟರಿನಲ್ಲಿ ಅದು ಉಳಿದ ಪ್ರಾಣಿಗಳಿಗೆ ಕಾಣದ, ಕೇಳದ, ಪ್ರತ್ಯೇಕ ಕೋಣೆ. ಮೊದಲು ಚರ್ಮದಡಿ ಹಾಕಿದ ಗುರುತಿನ ಮೈಕ್ರೋಚಿಪ್ಪನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತಾರೆ, ಬಂದ ದಿನ ಸಿಗದ ಚಿಪ್ಪು ಎಷ್ಟೋ ಸಲ ಭುಜದಿಂದ ಜಾರಿ ಕಾಲಿನ ಕಡೆ ಸಿಗುತ್ತದೆ. ಕೊರಳಪಟ್ಟಿಯ ಸಂಖ್ಯೆ, ಬಣ್ಣ, ಗಂಡೋ ಹೆಣ್ಣೋ ಎಂಬುದನ್ನು ಕಾಗದದ ಜೊತೆ ಇಬ್ಬರು ಹೋಲಿಸುತ್ತಾರೆ. ಈ ಹೆಜ್ಜೆ ತಪ್ಪಿದರೆ ಸಾಯುವುದು ಪಕ್ಕದ ಗೂಡಿನ ನಾಯಿ, ಅದರ ಮನೆಯವರು ಮರುದಿನ ಬರುತ್ತಾರೆ. ಆಮೇಲೆ ಮತ್ತು ಬರಿಸುವ ಔಷಧಿ, ಮಾಂಸಖಂಡಕ್ಕೆ. ಹತ್ತು-ಹದಿನೈದು ನಿಮಿಷ ದೀಪ ತಗ್ಗಿಸಿ ಕಾಯುತ್ತಾರೆ. ಮುಂಗಾಲಿನ ಕೂದಲು ಕತ್ತರಿಸಿ ರಕ್ತನಾಳ ಹುಡುಕಿ ಪೆಂಟೊಬಾರ್ಬಿಟಾಲ್ ಎಂಬ ಔಷಧಿ ಕೊಡುತ್ತಾರೆ. ಕೆಲವು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಲವು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ.

ತಪ್ಪುವುದು ಎಲ್ಲಿ ಎಂಬುದೂ ಗೊತ್ತಿರಬೇಕು. ನೀರಿನಂಶ ಕಡಿಮೆಯಾದ ಮುದಿ ನಾಯಿಯ ರಕ್ತನಾಳ ಸಿಗುವುದಿಲ್ಲ. ಔಷಧಿ ರಕ್ತನಾಳದ ಹೊರಗೆ ಹೋದರೆ ಉರಿಯುತ್ತದೆ. ಪುಟ್ಟ ಬೆಕ್ಕಿನ ಮರಿಗೆ ಹೊಟ್ಟೆಯೊಳಗೆ ಕೊಟ್ಟರೆ ಕೆಲಸ ಮಾಡಲು ನಿಧಾನ, ಅಲ್ಲಿಯವರೆಗೆ ಅದನ್ನು ಕತ್ತಲೆಯ ಶಾಂತ ಪೆಟ್ಟಿಗೆಯಲ್ಲಿ ಬೆಚ್ಚಗಿಡಬೇಕು. ಎಚ್ಚರವಿರುವ ಪ್ರಾಣಿಯ ಹೃದಯಕ್ಕೆ ನೇರವಾಗಿ ಚುಚ್ಚುವುದು ಕ್ರೌರ್ಯ, ಪೂರ್ತಿ ಪ್ರಜ್ಞೆ ಹೋದ ಮೇಲಷ್ಟೇ ಅದಕ್ಕೆ ಅವಕಾಶ. ಕೊನೆಗೆ ಸ್ಟೆತಾಸ್ಕೋಪು ಇಟ್ಟು ಎದೆಬಡಿತ ನಿಂತಿದೆಯೇ, ಉಸಿರು ನಿಂತಿದೆಯೇ, ಕಣ್ಣಿನ ಗುಡ್ಡೆ ಮುಟ್ಟಿದರೆ ರೆಪ್ಪೆ ಆಡುತ್ತದೆಯೇ ಎಂದು ನೋಡಿ, ಕೆಲವು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಔಷಧಿ ನಿಯಂತ್ರಿತ ಪಟ್ಟಿಯದಾದ್ದರಿಂದ ಎಷ್ಟು ಮಿಲಿಲೀಟರ್, ಯಾವ ಪ್ರಾಣಿಗೆ, ಯಾರ ಕೈಯಿಂದ ಎಂದು ಪುಸ್ತಕದಲ್ಲಿ ಬರೆಯಬೇಕು. ಶವವನ್ನು ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು. ಔಷಧಿ ಮಾಂಸದಲ್ಲಿ ಹಾಗೇ ಉಳಿಯುತ್ತದೆ, ತಿಂದ ಹದ್ದು-ರಣಹದ್ದುಗಳೂ ಸಾಯುತ್ತವೆ.

ಪ್ರತಿ ಸಾವಿಗೂ ಒಂದು ಸಾಲು ಬರಹ, ಒಂದು ಕಾರಣ, ಒಂದು ಸಹಿ. ನನಗೆ ಈ ದೇಶದಲ್ಲಿ ಕಂಡ ದೊಡ್ಡ ವ್ಯತ್ಯಾಸ ಇದೇ. ಸೂಜಿ ಹಾಕಿದವರು ಯಾರು ಎಂಬುದು ಗೊತ್ತು. ಅವರನ್ನು ಕೇಳಬಹುದು, ಪಾಲಿಕೆಯ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾರೆ ಕೂಡ. ಕೇಳಿ ಕೇಳಿಯೇ ಕೆಲವು ಊರುಗಳು ಬದಲಾದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ ಆರೋಗ್ಯವಂತ ಪ್ರಾಣಿ ಯಾವುದಕ್ಕೂ ಮನೆ ಹುಡುಕುತ್ತೇವೆ ಎಂಬ ಒಪ್ಪಂದವಾಯಿತು. ಟೆಕ್ಸಸ್ಸಿನ ಆಸ್ಟಿನ್ ನಗರಸಭೆ 2010ರಲ್ಲಿ ನೂರಕ್ಕೆ 90 ಪ್ರಾಣಿ ಜೀವಂತ ಹೊರಹೋಗಬೇಕು ಎಂದು ನಿರ್ಣಯಿಸಿತು, ಮರುವರ್ಷವೇ ಸಾಧಿಸಿತು.

ಬರಹವೂ ಸುಳ್ಳು ಹೇಳಬಲ್ಲದು, ಅದನ್ನು ಮುಚ್ಚಿಡಬಾರದು. ಇಲ್ಲಿಯ ಪ್ರಾಣಿದಯಾ ಸಂಸ್ಥೆಗಳು 2004ರಲ್ಲಿ ಮಾಡಿಕೊಂಡ ಅಸಿಲೊಮಾರ್ ಒಪ್ಪಂದದ ಲೆಕ್ಕದಲ್ಲಿ ಪ್ರಾಣಿಗಳನ್ನು ಆರೋಗ್ಯವಂತ, ಚಿಕಿತ್ಸೆಗೆ ಒಗ್ಗುವ, ಒಗ್ಗದ ಎಂದು ವಿಂಗಡಿಸಿದರು. ಗೂಡು ತುಂಬಿದ ವಾರ ‘ಒಗ್ಗುವ’ ಎಂದಿದ್ದ ಕೆಮ್ಮು ‘ಒಗ್ಗದ’ ಎಂದಾಗುತ್ತದೆ. ಅಂಜುಬುರುಕ ನಾಯಿ ‘ಅಪಾಯಕಾರಿ’ ಆಗುತ್ತದೆ. ಇನ್ನೂ ಗಂಭೀರವಾದದ್ದು, ಜೀವಂತ ಹೊರಹೋದವುಗಳ ಶೇಕಡಾವಾರು ಲೆಕ್ಕ ಹಾಕುವಾಗ ಗೂಡಿನಲ್ಲೇ ಸತ್ತವುಗಳನ್ನು ಆ ಸೂತ್ರ ಹೊರಗಿಡುತ್ತದೆ. ಪಾರ್ವೊದಿಂದ ಸತ್ತ ಮರಿಗಳು ನೂರಿದ್ದರೂ ಶೆಲ್ಟರಿನ ಅಂಕ ಕೆಡುವುದಿಲ್ಲ. ಸೂಜಿ ಹಾಕಿದ್ದರೆ ಕೆಡುತ್ತಿತ್ತು. ಬಾಗಿಲು ಮುಚ್ಚಿ, ‘ಮುಂದಿನ ತಿಂಗಳು ಬನ್ನಿ’ ಎಂದು ಕಳಿಸಿದರೂ ಅಂಕ ಮೇಲೇರುತ್ತದೆ. ಆ ಪ್ರಾಣಿ ಹೆದ್ದಾರಿಯ ಬದಿಗೆ ಬಿದ್ದರೆ ಅದು ಯಾರ ಪುಸ್ತಕದಲ್ಲೂ ಇಲ್ಲ. ಕೊಲ್ಲುವುದಿಲ್ಲ ಎಂಬ ಫಲಕದ ಹಿಂದೆ ಹೀಗೆ ನಡೆಯುವ ಶೆಲ್ಟರುಗಳು ಈ ದೇಶದಲ್ಲೂ ಇವೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ಪಕ್ಷ ಹಿಡಿಯುತ್ತೇನೆ. ಜಾಗವಿಲ್ಲ ಎಂದು ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವುದು ತಪ್ಪು. ಆ ಪ್ರಾಣಿಗೆ ಬದುಕುವ ಆಸೆ ಇದೆ, ಅದರ ತಪ್ಪೇನೂ ಇಲ್ಲ. ಕೊಂದಾಗ ಪುಸ್ತಕದಲ್ಲಿ ‘ನಡವಳಿಕೆ’ ಎಂದು ಬರೆಯದೆ ‘ಜಾಗವಿಲ್ಲ’ ಎಂದೇ ಬರೆಯಬೇಕು, ಊರಿಗೆ ನಾಚಿಕೆಯಾಗಲಿ. ಆದರೆ ಮುಂದೆ ಉಳಿದಿರುವುದು ಎರಡೇ ದಾರಿ, ಒಂದು ಸೂಜಿ, ಇನ್ನೊಂದು ಉಚ್ಚೆಯ ನೆಲದ ಮೇಲೆ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಸವೆಯುವುದು ಎಂದಾದಾಗ, ಸೂಜಿಯೇ ಸರಿ ಎನ್ನುತ್ತೇನೆ. ಊರಿನವರು ‘ಆಯಸ್ಸು ಇದ್ದಷ್ಟು ದಿನ ಇರಲಿ ಬಿಡಿ’ ಅನ್ನುತ್ತಾರೆ. ಬೀದಿಯ ನಾಯಿಯ ಮಟ್ಟಿಗೆ ಆ ಮಾತಿಗೆ ಅರ್ಥವಿದೆ. ಅದು ತನ್ನ ಊಟ, ನೆರಳು, ಜೊತೆ ಎಲ್ಲವನ್ನೂ ತಾನೇ ಹುಡುಕಿಕೊಳ್ಳುತ್ತದೆ, ಬೇಡವೆನಿಸಿದರೆ ಎದ್ದು ಹೋಗುತ್ತದೆ. ಬೀಗ ಹಾಕಿದ ಮೇಲೆ ಅದರ ನೀರು, ಅದರ ಬಿಸಿಲು, ಅದರ ಲಸಿಕೆ ಎಲ್ಲ ನಮ್ಮ ಕೈಗೆ ಬಂತು. ಅಲ್ಲಿಂದ ಮುಂದೆ ಆಯಸ್ಸಿನ ಮಾತಾಡುವುದು ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳುವುದು.

ನಮ್ಮ ಕಾನೂನು ಸೂಜಿಯನ್ನು ಪೂರ್ತಿ ನಿಷೇಧಿಸಿಲ್ಲ. 2001ರ ನಿಯಮಗಳಲ್ಲೂ ಅವುಗಳ ಜಾಗಕ್ಕೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲೂ ವಾಸಿಯಾಗದ ಕಾಯಿಲೆಯ, ಬದುಕುಳಿಯದಷ್ಟು ಗಾಯಗೊಂಡ ನಾಯಿಗೆ ಪಶುವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಬಹುದು. ಇನ್ನೊಂದು ನಾಯಿಯ ಎದುರು ಕೊಡಬಾರದು, ಸತ್ತದ್ದು ಖಚಿತವಾದ ಮೇಲೆಯೇ ಶವ ವಿಲೇವಾರಿ ಮಾಡಬೇಕು ಎಂಬ ಎಚ್ಚರವೂ ಅಲ್ಲಿದೆ. ಹುಚ್ಚು ಹಿಡಿದ ಶಂಕೆಯ ನಾಯಿಯನ್ನು ಬೇರೆಯಿಟ್ಟು ನೋಡಬೇಕು, ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ ಎಂದೂ ಇದೆ. ಇಷ್ಟು ಅವಕಾಶವಿದ್ದರೂ, ಸೊಂಟ ಮುರಿದು ಹುಳು ಬಿದ್ದ ನಾಯಿಗೂ ಸೂಜಿ ಹಾಕಲು ನಮ್ಮ ಎಷ್ಟೋ ಶೆಲ್ಟರುಗಳು ಹಿಂಜರಿಯುತ್ತವೆ. ದಾನಿಗಳು ಬೇಸರಪಟ್ಟುಕೊಳ್ಳುತ್ತಾರೆ, ಪಾಪ ಸುತ್ತಿಕೊಳ್ಳುತ್ತದೆ ಎಂಬ ಭಯ. ಆ ನಾಯಿ ನರಳುವ ಮೂರು ವಾರದ ಪಾಪ ಯಾರಿಗೂ ಸುತ್ತಿಕೊಳ್ಳುವುದಿಲ್ಲವೇ? ಇನ್ನೊಂದು ತುದಿಯಲ್ಲಿ ಕಾನೂನನ್ನೇ ಬದಿಗೊತ್ತಿ ವಿಷ ಹಾಕುವವರು. 2021ರಲ್ಲಿ ಭದ್ರಾವತಿ ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ನೆನಪಿರಬಹುದು. ಅಲ್ಲಿ ವೈದ್ಯರಿಲ್ಲ, ಪುಸ್ತಕವಿಲ್ಲ.

ಕೊಲ್ಲಬಾರದು, ಬೀದಿಯಲ್ಲೂ ಇರಬಾರದು ಎಂಬ ಎರಡನ್ನೂ ಒಟ್ಟಿಗೆ ಮಾಡಿ ನೋಡಿದ ದೇಶ ಇಟಲಿ. 1991ರ 281ನೇ ಕಾನೂನು, ಗುಣವಾಗದ ಕಾಯಿಲೆಯ ಅಥವಾ ಅಪಾಯಕಾರಿ ಎಂದು ಸಾಬೀತಾದ ನಾಯಿ ಬಿಟ್ಟು ಉಳಿದದ್ದನ್ನು ಕೊಲ್ಲುವಂತಿಲ್ಲ ಎಂದಿತು. ಪ್ರಾಣಿಪ್ರಿಯರು ಅದನ್ನು ಕೊಂಡಾಡಿದರು, ಕೊಂಡಾಡುವಂಥದ್ದೇ. ಆದರೆ ದಕ್ಷಿಣದ ಅನೇಕ ಊರುಗಳಲ್ಲಿ ನಾಯಿಗಳನ್ನು ಖಾಸಗಿ ಕೆನಲುಗಳಿಗೆ ಒಪ್ಪಿಸಿ, ತಲೆಗೆ ದಿನಕ್ಕೆ ಇಷ್ಟು ಎಂದು ನಗರಸಭೆ ಹಣ ಕೊಡತೊಡಗಿತು. ಇಟ್ಟುಕೊಂಡಷ್ಟು ದಿನ ಆದಾಯ. ದತ್ತು ಕೊಟ್ಟರೆ ಆದಾಯ ನಿಲ್ಲುತ್ತದೆ, ಒಳ್ಳೆಯ ಊಟ ಹಾಕಿದರೆ ಕಡಿಮೆಯಾಗುತ್ತದೆ. ಸಾವಿರಾರು ನಾಯಿಗಳು ಹುಟ್ಟಿದ್ದು ಹೊರಗೆ, ಸತ್ತದ್ದು ಸಿಮೆಂಟಿನ ಗೂಡಿನಲ್ಲಿ. ನಮ್ಮ ಪಾಲಿಕೆಗಳು ನಾಳೆ ಟೆಂಡರ್ ಕರೆಯುವಾಗ ತಲೆಗೆ ದಿನಕ್ಕೆ ಇಷ್ಟು ಎಂದೇ ಕರೆಯುತ್ತವೆ ಎಂಬುದು ನನ್ನ ದೊಡ್ಡ ಭಯ.

ಇನ್ನು ಒಪ್ಪಿಕೊಳ್ಳಬೇಕಾದದ್ದು. ಅಮೆರಿಕದಲ್ಲಿ ಕೋಟಿ ಇದ್ದ ಸಾವು 6 ಲಕ್ಷಕ್ಕೆ ಇಳಿದದ್ದು ಸೂಜಿಯಿಂದಲ್ಲ, ಕಟ್ಟಡದಿಂದಲೂ ಅಲ್ಲ. ದಶಕಗಟ್ಟಲೆ ನಡೆದ ಸಂತಾನಹರಣದಿಂದ. ಎಂಟು ವಾರದ ಮರಿಗೂ ಶಸ್ತ್ರಚಿಕಿತ್ಸೆ ಮುಗಿಸಿಯೇ ದತ್ತು ಕೊಡುವ ಕಟ್ಟುನಿಟ್ಟಿನಿಂದ, ಚಿಪ್ಪಿನ ಸಂಖ್ಯೆಯಿಂದ ಸಾಕಿದವರ ಫೋನು ಸಿಗುವುದರಿಂದ. ಬೀದಿ ಬೆಕ್ಕುಗಳ ವಿಷಯದಲ್ಲಂತೂ ಇಲ್ಲಿಯ ಅನೇಕ ಊರುಗಳು ಈಗ ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡುತ್ತವೆ. ಅಂದರೆ ಚೆನ್ನೈನ ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆ 1960ರ ದಶಕದಿಂದ ಹೇಳುತ್ತಾ ಬಂದು, 1996ರಲ್ಲಿ ಅಲ್ಲಿಯ ಪಾಲಿಕೆ ಒಪ್ಪಿಕೊಂಡ ದಾರಿ. ಇಲ್ಲಿಯ ಶೆಲ್ಟರಿಗೆ ಬರುವ ನಾಯಿಗಳಲ್ಲಿ ಎಷ್ಟೋ ಒಮ್ಮೆ ಯಾರದೋ ಸೋಫಾದ ಮೇಲೆ ಮಲಗಿದ್ದವು. ಮನೆ ಬದಲಾಯಿತು, ಹೊಸ ಮಾಲೀಕರು ದೊಡ್ಡ ನಾಯಿ ಬೇಡ ಅಂದರು ಎಂದು ತಂದುಬಿಟ್ಟವು. ಅದು ನಮ್ಮ ಬೀದಿಗಿಂತ ಹೆಚ್ಚಿನ ಸಂಸ್ಕೃತಿ ಎಂದು ನಾನು ಹೇಳಲಾರೆ.

ಕಚ್ಚಿಸಿಕೊಂಡ ಮಗುವಿನ ಮನೆಯವರ ಮುಂದೆ ನಾಯಿಯ ಹಕ್ಕಿನ ಮಾತಾಡಲು ನನಗೂ ಬಾಯಿ ಬರುವುದಿಲ್ಲ. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಮೂರನೇ ಒಂದು ಪಾಲು ಭಾರತದವರು ಎಂಬ ಅಂದಾಜಿದೆ. ಆಸ್ಪತ್ರೆಯ ಅಂಗಳದಿಂದ ನಾಯಿಗಳನ್ನು ತೆಗೆಯಿರಿ ಎಂದ ನ್ಯಾಯಾಲಯದ ಕಳಕಳಿ ಸುಳ್ಳಲ್ಲ. ಆದರೆ ರೇಬೀಸ್ ನಿಲ್ಲುವುದು ನೂರಕ್ಕೆ 70 ನಾಯಿಗೆ ಲಸಿಕೆ ಬಿದ್ದಾಗ. ಲಸಿಕೆ ಹಾಕಿಸಿಕೊಂಡ, ಕಿವಿಗೆ ಗುರುತಿರುವ ನಾಯಿಗಳನ್ನು ಒಳಗೆ ಹಾಕಿದರೆ ಖಾಲಿಯಾದ ಜಾಗಕ್ಕೆ ಲಸಿಕೆಯಿಲ್ಲದವು ಬರುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ದೆಹಲಿಯ ನಾಯಿಗಳನ್ನು ಶಸ್ತ್ರಚಿಕಿತ್ಸೆ, ಲಸಿಕೆ, ಜಂತುಹುಳುವಿನ ಔಷಧಿ ಮುಗಿಸಿ ಅದೇ ಜಾಗಕ್ಕೆ ಬಿಡಿ, ಹುಚ್ಚು ಹಿಡಿದವನ್ನೂ ಕಚ್ಚುವವನ್ನೂ ಮಾತ್ರ ಬಿಡಬೇಡಿ ಎಂದಿತ್ತು. ಇಲ್ಲಿಯ ಕೋಣೆಗಳ ವಿಚಾರ ಬಲ್ಲ ನನಗೆ ಆ ಆಗಸ್ಟಿನ ಮಾತೇ ಹೆಚ್ಚು ಸರಿ ಎನಿಸುತ್ತದೆ.

ಆದರೂ ಶೆಲ್ಟರುಗಳು ಬರುತ್ತವೆ, ಆದೇಶವಿದೆ. ಬರುವ ಮೊದಲೇ ನಿಮ್ಮ ವಾರ್ಡಿನ ಕಚೇರಿಯಲ್ಲಿ ಕೇಳಿ: ಗೂಡು ಎಷ್ಟು, ಅವು ತುಂಬಿದ ದಿನ ನಾಯಿ ಹಿಡಿಯುವ ಗಾಡಿ ನಿಲ್ಲುತ್ತದೆಯೇ? ಲಸಿಕೆ ಬಾಗಿಲಲ್ಲೇ ಕೊಡುತ್ತಾರೆಯೇ, ಭಾನುವಾರವೂ? ತೂಕದ ಯಂತ್ರ ಇದೆಯೇ? ಗುತ್ತಿಗೆದಾರರಿಗೆ ಹಣ ತಲೆಗೋ, ಶಸ್ತ್ರಚಿಕಿತ್ಸೆ ಮತ್ತು ದತ್ತು ಕೊಡಿಸಿದ್ದಕ್ಕೋ? ನರಳುವ ನಾಯಿಗೆ ಸೂಜಿ ಹಾಕುವ ನಿರ್ಧಾರ ಯಾರದು, ರಾತ್ರಿ ಹನ್ನೊಂದಕ್ಕೆ ಅವರ ಫೋನು ಎತ್ತುತ್ತದೆಯೇ? ಗೂಡಿನಲ್ಲಿ ತಾನಾಗಿ ಸತ್ತವುಗಳ ಸಂಖ್ಯೆ ತಿಂಗಳಿಗೊಮ್ಮೆ ಗೋಡೆಗೆ ಅಂಟಿಸುತ್ತಾರೆಯೇ? ಕೊನೆಯದನ್ನು ಮಾತ್ರ ಬಿಡದೆ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.